ಶಿವದಾರದ ಗಂಟು

"ಇದು ಯಾರ ಗಂಟು?"

ಸಾಬಮ್ಮನ ಬೆರಳುಗಳು ಮೊಮ್ಮಗನ ಕತ್ತಿನ ಹಿಂದೆ ತಡೆದು ನಿಂತವು.

ಶ್ರಾವಣದ ಮೊದಲ ಸೋಮವಾರ ಮನೆಯವರೆಲ್ಲರ ಶಿವದಾರ ಬದಲಿಸುವುದು ಆ ಮನೆಯಲ್ಲಿ ನಡೆದು ಬಂದ ರೀತಿ. ಕೊರಳಲ್ಲಿ ಇಷ್ಟಲಿಂಗವನ್ನು ಹೊತ್ತ ದಾರ ವರ್ಷವಿಡೀ ಬೆವರಿಗೆ, ಶಹಾಬಾದದ ಕಲ್ಲುಧೂಳಿಗೆ ಸವೆದಿರುತ್ತದೆ. ಸೊಸೆ ಮಹಾದೇವಮ್ಮ ಹೊಸ ದಾರ ಹೊಸೆದು ಕೊಡುತ್ತಾಳೆ. ಕಣ್ಣು ಮಂದವಾದ ಅತ್ತೆ ಸಾಬಮ್ಮ ಬೆರಳಿನಲ್ಲೇ ನೋಡಿ ಕಟ್ಟುತ್ತಾಳೆ. ಹೊಸದು ಕಟ್ಟಿದ ಮೇಲೇ ಹಳೆಯದನ್ನು ಬಿಚ್ಚಬೇಕು. ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಅರೆಗಳಿಗೆ ಮೈಬಿಟ್ಟಿರಬಾರದು.

ಆ ಮನೆಯ ಗಂಟು ಸಾಬಮ್ಮನ ತವರೂರಾದ ಕಾಳಗಿಯಿಂದ ಬಂದದ್ದು. ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ಮಡಚಿ, ಕತ್ತಿಗೆ ಚುಚ್ಚದ ಹಾಗೆ ಚಪ್ಪಟೆಯಾಗಿ ಕೂರಿಸುವ ಗಂಟು. ಸಾಬಮ್ಮ ಅದನ್ನು ಸೊಸೆಗೆ ಕಲಿಸಿದ್ದಳು, ಸೊಸೆ ತನ್ನ ಇಬ್ಬರು ಮಕ್ಕಳಿಗೆ ಕಲಿಸಿದ್ದಳು. ನಾಗೇಂದ್ರಪ್ಪನ ಕತ್ತಿನ ಹಿಂದೆ ಈಗ ಇದ್ದದ್ದು ಅದಲ್ಲ. ಉಬ್ಬಿದ, ಗಟ್ಟಿ, ಜಗ್ಗಿದಷ್ಟೂ ಬಿಗಿಯಾಗುವ ಗಂಟು.

ಮಹಾದೇವಮ್ಮ ಬಗ್ಗಿ ನೋಡಿದಳು. ಗುರುತು ಹತ್ತಲು ತಡವಾಗಲಿಲ್ಲ. ಖಣಿಯಲ್ಲಿ ಫರಶಿಕಲ್ಲಿಗೆ ಹಗ್ಗ ಬಿಗಿಯುವವರು ಹಾಕುವ ಗಂಟು ಅದು.

"ಹೇಳೋ ನಾಗ್ಯಾ. ಹ್ವಾದ ಶ್ರಾವಣದಾಗ ನಾ ಕಟ್ಟಿದ್ದು ಇದಲ್ಲ."

"ಬಿಚ್ಚಿದ್ದೆ ಆಯಿ," ಎಂದ ನಾಗೇಂದ್ರಪ್ಪ. ಇಪ್ಪತ್ತನಾಲ್ಕು ವರ್ಷದ ಮಗ, ನೆಲ ನೋಡುತ್ತ ಕೂತಿದ್ದ. ಧ್ವನಿ ಮಾತ್ರ ಅಲುಗಲಿಲ್ಲ.

"ಬಿಚ್ಚಿದ್ದಿ?"

"ವಾಡಿಯಾಗ. ಅಖಾಡಾಕ ಇಳಿಯೋ ಮುಂದ ಕೊರಳಾಗ ಏನೂ ಇರಬಾರದು ಅಂತದ. ರೆಫರಿ ಸಾಹೇಬ ಒಪ್ಪಂಗಿಲ್ಲ."

"ನಡಕ್ಕ ಕಟ್ಕೋಬಾರದಿತ್ತೇನೋ?" ಮಹಾದೇವಮ್ಮ ಕೇಳಿದಳು.

"ಮೊದಲನೇ ಸಲ ಹಂಗೇ ಮಾಡಿದ್ದೆ ಅವ್ವ. ಗುದ್ದು ಬಿದ್ದು ಕರಡಿಗಿ ನೆಗ್ಗಿತು."

ಲಿಂಗವಿಡುವ ಬೆಳ್ಳಿಯ ಕರಡಿಗೆಯ ಮೇಲಿನ ಆ ತಗ್ಗು ಮಹಾದೇವಮ್ಮನಿಗೆ ಗೊತ್ತಿತ್ತು. ಹೋದ ಶ್ರಾವಣ ಕಳೆದ ಸ್ವಲ್ಪ ದಿನಕ್ಕೆ ನೋಡಿ, ಕಲ್ಲು ಬಡಿದಿರಬೇಕು ಎಂದು ಅವಳೇ ಅಂದಿದ್ದಳು. ಅವನು ಹೌದು ಅಂದಿರಲಿಲ್ಲ. ಅಲ್ಲ ಅಂತಲೂ ಅಂದಿರಲಿಲ್ಲ.

"ಎಷ್ಟು ಸಲ?"

"ಏಳು."

"ಯಾರ ಕೈಯಾಗ ಕೊಡ್ತಿದ್ದಿ?"

"ಮಶಾಕನ ಕೈಯಾಗ. ಆಟ ಮುಗಿದ ಮ್ಯಾಲ ನನ್ನ ಕೈ ಉಬ್ಬಿರ್ತಾವ, ಗಂಟು ಹಾಕಾಕ ಬರಂಗಿಲ್ಲ. ಅವನೇ ಕಟ್ತಾನ."

ಸಾಬಮ್ಮ ಹಳೆಯ ದಾರವನ್ನು ಕೈಬಿಟ್ಟು, ಗೋಡೆ ಹಿಡಿದು ಎದ್ದಳು. ಸ್ವಲ್ಪ ಹೊತ್ತಿನ ಮೇಲೆ ಅಡಿಗೆಮನೆಯಿಂದ ಅವಳ ಮಾತು ಕೇಳಿತು.

"ಲಲಿತಾ, ಇವತ್ತಿನಿಂದ ನಿಮ್ಮ ಅಣ್ಣನ ತಾಟು ಪಡಸಾಲ್ಯಾಗ ಹಾಕು. ನನಗ ರೊಟ್ಟಿ ಮಾಡಬ್ಯಾಡ್ರಿ. ಅವನಿಗೆ ಮತ್ತ ದೀಕ್ಷಾ ಆಗೋ ತನಕ ಅಂಬಲಿ ಕುಡದು ಇರ್ತೀನಿ."

*

ಶಹಾಬಾದದಲ್ಲಿ ನಾಗೇಂದ್ರಪ್ಪನ ಹೆಸರಿಗೆ ಒಂದು ತೂಕವಿತ್ತು. ಮುಷ್ಟಿಯಾಟ ಎಂದರೆ ಏನೆಂದು ಊರಿನ ಮುಕ್ಕಾಲು ಮಂದಿಗೆ ಗೊತ್ತಿರಲಿಲ್ಲ. ವಾಡಿ ಜಂಕ್ಷನ್ನಿನ ರೇಲ್ವೆ ಇನ್ಸ್ಟಿಟ್ಯೂಟಿನಲ್ಲಿ ಬಿಳಿ ಮೈಯ ಗೋರಾ ಗಾರ್ಡುಗಳು, ಡ್ರೈವರುಗಳು ಆಡುವ ಆಟ ಅದು. ಪ್ಲಾಟ್‌ಫಾರ್ಮಿಗೆ ಕಲ್ಲು ಹಾಸಲು ಹೋಗಿದ್ದ ಇಬ್ಬರು ಹುಡುಗರನ್ನು, ಈ ನಾಗೇಂದ್ರಪ್ಪ ಮತ್ತು ಅವನ ಜೋಡಿ ಮಶಾಕನನ್ನು, ಒಬ್ಬ ಮುದಿ ಡ್ರೈವರ ಸಾಹೇಬ ತೋಳು ಹಿಡಿದು ನೋಡಿ ಒಳಗೆ ಕರೆದಿದ್ದ. ಅವರು ಗೆದ್ದರೆಂಬುದಕ್ಕಿಂತ ಗೆದ್ದು ಬಂದ ಮೇಲೆ ಹೇಗಿದ್ದರೆಂಬುದನ್ನೇ ಊರು ನೆನಪಿಟ್ಟುಕೊಂಡಿತು. ಕೆಳಗೆ ಬಿದ್ದ ಗಾರ್ಡನನ್ನು ನಾಗೇಂದ್ರಪ್ಪ ಎಬ್ಬಿಸಿ ಕೂರಿಸಿ ನೀರು ಕುಡಿಸಿದನಂತೆ. ಖಣಿಯ ಮುಕದ್ದಮ ಒಬ್ಬ ಕೂಲಿ ಹೆಂಗಸಿನ ಮೇಲೆ ಬಾರುಕೋಲು ಎತ್ತಿದಾಗ ಇಬ್ಬರೂ ಹೋಗಿ ಅಡ್ಡ ನಿಂತಿದ್ದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಎರಡು ಏಟು ತಿಂದರು, ಕೈ ಮುಂದೆ ತರಲಿಲ್ಲ. ಸೇಂದಿ ಅಂಗಡಿಯ ಕಡೆ ಇಬ್ಬರೂ ತಲೆ ಹಾಕಿದವರಲ್ಲ.

"ನಾಗೇಂದ್ರಪ್ಪನ ನೋಡಿ ಕಲಿ," ಎಂದು ಲಿಂಗಾಯತರ ಓಣಿಯಲ್ಲಿ ಹೇಳುತ್ತಿದ್ದರು. ಖಣಿಯ ಆಚೆ ಬದಿಯ ಮೊಹಲ್ಲಾದಲ್ಲಿ ಮಶಾಕನ ಹೆಸರು ಹಾಗೆಯೇ ನಡೆಯುತ್ತಿತ್ತು.

ಮಠದ ಮಡಿವಾಳಯ್ಯನವರು ಪ್ರವಚನದಲ್ಲಿ ಅವನ ಹೆಸರೆತ್ತುತ್ತಿದ್ದರು. ಶ್ರಾವಣದ ಕಡೆಯ ಸೋಮವಾರ ಅವನಿಗೆ ಶಾಲು ಹೊದಿಸುವುದು ಎಂದಾಗಿತ್ತು. ಚಿತ್ತಾಪುರದ ಬಸವಂತರಾಯ ತನ್ನ ಎರಡನೆಯ ಮಗನಿಗೆ ಲಲಿತಾಬಾಯಿಯನ್ನು ಕೇಳಲು ಬಂದಾಗ, "ಇಂಥ ಹುಡುಗನ್ನ ಬೆಳೆಸಿದ ಮನಿ, ಬ್ಯಾರೆ ಏನ್ ನೋಡಬೇಕ್ರಿ," ಎಂದು ಹೇಳಿ, ಚಹಾ ಕುಡಿದು ಹೋಗಿದ್ದ. ಅದೇ ಸೋಮವಾರ ಮಠದಲ್ಲೇ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದೆಂದೂ ಮಾತಾಗಿತ್ತು.

ದಾರ ಬದಲಿಸಿದ ಆ ಸಂಜೆ ಮಹಾದೇವಮ್ಮನ ಗಂಡ ಅಮೃತಪ್ಪ ಖಣಿಯಿಂದ ಬಂದ. ಅವನು ಕಲ್ಲು ಸೀಳುವವರ ಮೇಸ್ತ್ರಿ; ಮೂವತ್ತು ವರ್ಷ ಸುತ್ತಿಗೆಯ ಸದ್ದಿನ ಮೇಲೆ ಕೂಗಿ ಕೂಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. ಅಂದು ಮಾತ್ರ ಧ್ವನಿ ಇಳಿಸಿ ಮಾತಾಡಿದ.

"ಈ ಮನಿ ಹೊಸ್ತಲಾ ದಾಟಬಾರದು ಈ ಮಾತು. ತಿಳೀತಿಲ್ಲೋ?"

"ನಾನಾಗಿ ಹೇಳಾಕ ಹೋಗಂಗಿಲ್ಲಪ್ಪ," ಅಂದ ನಾಗೇಂದ್ರಪ್ಪ. "ಯಾರರ ಕೇಳಿದ್ರ ಇಲ್ಲ ಅನ್ನಂಗಿಲ್ಲ."

"ಯಾರ್ ಕೇಳ್ತಾರ? ನಿನ್ನ ಕೊರಳಾಗಿನ ದಾರ ಬಿಚ್ಚಿದ್ದೇನು ಕಟ್ಟಿದ್ದೇನು ಅಂತ ಯಾರ್ ಬಂದು ಕೇಳ್ತಾರ? ಶಾಲು ಹೊದ್ಕೊ, ಕಾಲಿಗೆ ಬೀಳು, ಮನಿಗೆ ಬಾ. ನಿನ್ನ ತಂಗೀ ಮದುವಿ ಆಗ್ಲಿ. ಆಮ್ಯಾಲ ಅಯ್ಯಾರ ಹತ್ರ ಒಬ್ಬನೇ ಹೋಗಿ ಹೇಳು, ನಾ ಬ್ಯಾಡ ಅನ್ನಂಗಿಲ್ಲ."

"ಆ ಶಾಲು ಎದಕ ಹೊದಸ್ತಾರಪ್ಪ?"

"ಎದಕರ ಹೊದಸ್ಲಿ!"

"ಲಿಂಗಾ ಬಿಡಲಾರದವ ಅಂತ ಹೊದಸ್ತಾರ."

ಅಮೃತಪ್ಪ ಎದ್ದು ಬಚ್ಚಲಿಗೆ ಹೋಗಿ ತಂಬಿಗೆಯನ್ನು ಕಲ್ಲಿನ ಮೇಲೆ ಕುಕ್ಕಿದ ಸದ್ದು ಕೇಳಿತು. ಲಲಿತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳ ಬಡಿತ ಒಮ್ಮೆಯೂ ತಪ್ಪಲಿಲ್ಲವೆಂಬುದನ್ನು ಮಹಾದೇವಮ್ಮ ಗಮನಿಸಿದಳು.

*

ಮೂರು ವಾರ ಹಾಗೆಯೇ ಕಳೆಯಿತು. ನಾಗೇಂದ್ರಪ್ಪ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಉಂಡು, ತನ್ನ ತಾಟು ತಾನೇ ಬೆಳಗಿ ಕವುಚಿ ಹಾಕುತ್ತಿದ್ದ. ಸಾಬಮ್ಮ ಹೊತ್ತಿಗೆ ಒಂದು ಬಟ್ಟಲು ಅಂಬಲಿ ಕುಡಿದು ಸೊರಗಿದಳು. ನೆರೆಯವರು ಕೇಳಿದರೆ, "ಶ್ರಾವಣದ ವ್ರತ ಹಿಡದೀನ್ರವ್ವ," ಎನ್ನುತ್ತಿದ್ದಳು.

"ಅತ್ತಿ, ಒಂದ್ ರೊಟ್ಟಿ ತಿನ್ರಿ. ಹಾಲಿನ್ಯಾಗ ಚೂರು ಮಾಡಿ ಕೊಡ್ತೀನಿ," ಎಂದು ಮಹಾದೇವಮ್ಮ ದಿನವೂ ಕೇಳುತ್ತಿದ್ದಳು.

"ಅವನಿಗ್ಯಾಕ ಪುಂಡಿ ಪಲ್ಯಾ ಕಡಿಮಿ ಹಾಕೀದಿ ಇವತ್ತ? ಸೌಟು ಒಂದೇ ಸಲ ಮುಳುಗಿದ ಸದ್ದಾತು," ಎನ್ನುತ್ತಿದ್ದಳು ಸಾಬಮ್ಮ, ಉತ್ತರದ ಬದಲು.

ಒಂದು ಭಯ ಮಹಾದೇವಮ್ಮನನ್ನು ಬಿಟ್ಟಿರಲಿಲ್ಲ. ಮನೆಯ ಬಾಯಿಗೆ ಗಂಡ ಬೀಗ ಹಾಕಬಹುದು. ಆದರೆ ಮಶಾಕನ ಬಾಯಿ? ಖಣಿಯಲ್ಲಿ ಯಾರಾದರೂ ನಗುತ್ತ ಕೇಳಿ, ಅವನೂ ನಗುತ್ತ ಹೇಳಿಬಿಟ್ಟರೆ? ಕಡೆಯ ಸೋಮವಾರಕ್ಕೆ ನಾಲ್ಕು ದಿನ ಉಳಿದಿದ್ದಾಗ, ಗಂಡ ಕೆಲಸಕ್ಕೆ ಹೋದ ಮೇಲೆ, ಅವಳು ತಲೆಯ ಮೇಲೆ ಸೆರಗು ಹೊದ್ದು ಖಣಿ ದಾಟಿ ಹೋದಳು.

ಮಶಾಕನ ತಾಯಿ ಹಮೀದಾಬಿ ಬಾಗಿಲ ಮುಂದಿನ ಕಲ್ಲುಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದಳು. ಗಂಡ ಖಣಿಯಲ್ಲಿ ಕಲ್ಲಿನಡಿ ಸಿಕ್ಕು ಹೋಗಿ ಹತ್ತು ವರ್ಷವಾಗಿತ್ತು. ಇಬ್ಬರಿಗೂ ಮುಖಪರಿಚಯ ಮಾತ್ರ.

"ಬಾ ಅಕ್ಕ, ಕುಂದ್ರು," ಎಂದು ಕೌದಿಯನ್ನು ಒಂದು ಬದಿಗೆ ಸರಿಸಿದಳು. ಎಲೆ ಅಡಿಕೆಯ ತಟ್ಟೆ ಮುಂದಿಟ್ಟಳು. ನೀರು ಕೊಡಲಿಲ್ಲ, ಇವಳು ಕೇಳಲಿಲ್ಲ. ಅದು ಇಬ್ಬರಿಗೂ ತಿಳಿದ ರೀತಿ.

"ನಿನ್ನ ಮಗ ಹಾನೇನು?"

"ಬಾಜೂ ಮನಿಯವರ ಬಾವ್ಯಾಗ ಬಿಂದಿಗಿ ಬಿದ್ದದ, ತಗ್ಯಾಕ ಹೋಗ್ಯಾನ. ನೀ ಎದಕ ಬಂದೀದಿ ನನಗ ಗೊತ್ತದ. ಯಾರರ ಬರ್ತಾರ ಅಂತ ಒಂದು ವರ್ಷದಿಂದ ದಾರಿ ನೋಡೀನಿ."

ಹಮೀದಾಬಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನಿಮ್ಮದು ಹಿಡಿಯೋ ದಿನ ನನ್ನ ಮಗ ಮಾಂಸ ಮುಟ್ಟಂಗಿಲ್ಲ. ತಲಿ ಮ್ಯಾಲ ನೀರ್ ಹಾಕ್ಕೊಂಡು ಹೋಗ್ತಾನ. ಈದಿಗೆ ತಂದ ಹೊಸ ಅರಿವಿ ಇತ್ತು, ಅದರಾಗ ಒಂದು ತುಂಡು ಹರಿದು ಕೊಟ್ಟೀನಿ. ಅದರಾಗ ಇಟ್ಕೊಂಡು ಹಿಂಗ ಹಿಡೀತಾನ." ಹಮೀದಾಬಿ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಅಂಗೈ ಚಾಚಿ ತೋರಿಸಿದಳು. "ನೆಲಕ್ಕ ಇಡಬಾರದು, ಎದಿಗಿಂತ ಕೆಳಗ ಇಳಿಸಬಾರದು ಅಂತ ನಿನ್ನ ಮಗ ಒಂದೇ ಸಲ ಹೇಳಿದ್ನಂತ. ಎಡಗೈಗೆ ಬದಲ ಮಾಡಬೌದೇನು ಅಂತ ಇವಂಗ ಕೇಳಾಕ ನೆಪ್ಪಾಗಿಲ್ಲ. ಬಲಗೈಯಾಗೇ ಹಿಡೀತಾನ."

"ಹಂಗ..."

"ಹ್ವಾದ ವರ್ಷದ ಕಡೀ ಆಟ. ನಿನ್ನ ಮಗ ಗೆದ್ದ. ಅವನ ಹಿಂದೇ ಇವನ ಪಾಳಿ. ಆವತ್ತ ಸಾಹೇಬರು ಬರೋದು ತಡ ಆಗಿ ಒಂದು ತಾಸು ಕೈ ಎತ್ಕೊಂಡು ನಿಂತಿದ್ನಂತ. ಅಖಾಡಾಕ ಇಳಿದ್ರ ಬಲಗೈ ಏಳಲಿಲ್ಲ. ಸೋತ. ಮನಿಗೆ ಬಂದು ತಂಬಿಗಿ ಎತ್ತಾಕ ಆಗಲಾರದ ಕುಂತಿದ್ದ. ಎಣ್ಣಿ ತಿಕ್ಕೋ ಮುಂದ ಬಾಯಿ ಬಿಡಿಸೀನಿ."

ಮಹಾದೇವಮ್ಮನಿಗೆ ಆ ದಿನ ನೆನಪಿತ್ತು. ಮಗ ಬೆಳ್ಳಿಯ ಕಪ್ಪು ತಂದಿದ್ದ. ಮಶಾಕ ಸೋತನಂತೆ, ಮೈ ಬೆಳೆಸಿಕೊಂಡಾನ ಎಂದು ಅಮೃತಪ್ಪ ಊಟಕ್ಕೆ ಕೂತು ನಕ್ಕಿದ್ದ. ಅವಳೂ ನಕ್ಕಿದ್ದಳು.

ಅಷ್ಟರಲ್ಲಿ ಮಶಾಕ ಬಂದ. ಒದ್ದೆ ಲುಂಗಿ, ಬರಿ ಮೈ. ಇವಳನ್ನು ಕಂಡು ಅಲ್ಲಿಯೇ ನಿಂತು ಹೆಗಲ ಮೇಲಿನ ಟವಲನ್ನು ಎದೆಗೆ ಹೊದ್ದುಕೊಂಡ.

"ಯಾರಿಗೂ ಹೇಳಿಲ್ಲರಿ ಅವ್ವ," ಎಂದ, ಅವಳು ಕೇಳುವ ಮೊದಲೇ. "ಹೇಳಂಗೂ ಇಲ್ಲ. ಆದ್ರ ನೀವೂ ಒಂದು ನಡೆಸಿ ಕೊಡ್ರಿ. ನಮ್ಮವ್ವ ನನ್ನ ಕೈ ಏಳಲಾರದ ಮಾತು ಹೇಳಿರ್ತಾಳ, ಆಕಿ ಹೊಟ್ಟ್ಯಾಗ ನಿಲ್ಲಂಗಿಲ್ಲ. ನಾಗೇಂದ್ರಗ ಗೊತ್ತಾಗಬಾರದು. ಗೊತ್ತಾದ್ರ ಅವ ಆಡೋದು ಬಿಡ್ತಾನ."

ಹೇಳಂಗಿಲ್ಲ ಎಂದು ಮಹಾದೇವಮ್ಮ ಮಾತು ಕೊಟ್ಟಳು. ಒಳಗೆ ಹೋಗಲು ಅವನು ತಿರುಗಿದಾಗ ಕತ್ತಿನ ಹಿಂದೆ ತಾವೀಜಿನ ಕರಿದಾರ ಕಂಡಿತು. ಎರಡು ಸುತ್ತು, ತುದಿ ಒಳಗೆ ಮಡಚಿದ್ದು, ಚಪ್ಪಟೆ. ಸ್ವಲ್ಪ ಸೊಟ್ಟಗಿತ್ತು. ನಾಗೇಂದ್ರ ಸಣ್ಣವನಿದ್ದಾಗಿನಿಂದಲೂ ಹಾಗೆ ಸೊಟ್ಟಗೇ ಕಟ್ಟುತ್ತಿದ್ದ.

ಅವಳು ನೋಡಿದ್ದನ್ನು ಹಮೀದಾಬಿ ನೋಡಿದಳು.

"ಇವನದು ಅವ ಹಿಡೀತಾನ, ಅವನೇ ಕಟ್ತಾನ. ಮೊದಲ ದಿನಾನೇ ನನಗ ಗುರುತು ಸಿಕ್ತು, ಇದು ನಾ ಹಾಕಿದ ಗಂಟಲ್ಲ ಅಂತ."

"ಏನಂದಿ?"

"ಏನನ್ಲಿ? ಕಟ್ಟಿದವ ಯಾರೋ ಕತ್ತಿಗೆ ಚುಚ್ಚಬಾರದು ಅಂತ ಕಟ್ಯಾನ. ಬಿಚ್ಚಲಾಕ ಹೋಗಲಿಲ್ಲ."

ಮೌನವನ್ನು ಕೇಳಲು ಹೋದವಳು ಇನ್ನೊಂದು ಮೌನವನ್ನು ಹೊತ್ತು ಮನೆಗೆ ಬಂದಳು. ಅಂದು ಸಾರಿಗೆ ಎರಡು ಸಲ ಉಪ್ಪು ಬಿತ್ತು.

*

ಮಠದ ಅಂಗಳ ತುಂಬಿತ್ತು. ಗಂಡಸರು ಈಚೆ, ಹೆಂಗಸರು ಕಂಬಗಳ ಆಚೆ. ಮುಂದಿನ ಸಾಲಿನಲ್ಲಿ ಬಸವಂತರಾಯ, ಅವನ ಕಡೆಯ ನಾಲ್ಕು ಹಿರಿಯರು. ಲಲಿತಾ ಹಸಿರು ಇಳಕಲ್ ಸೀರೆ ಉಟ್ಟು ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು.

ಮಡಿವಾಳಯ್ಯನವರು ಮುದುಕರು, ಮೆಲ್ಲಗೆ ಮಾತಾಡುವವರು. ಶಾಲನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು: "ತೋಳಿನ್ಯಾಗ ಬಲ ಇದ್ದವ್ರು ಊರಿಗೆ ಹತ್ತು ಮಂದಿ ಇರ್ತಾರ. ಬಲ ಇದ್ದೂ ಕೈ ಎತ್ತಲಾರದವ್ರು ಒಬ್ರು ಸಿಗೋದು ಕಷ್ಟ. ಈ ಹುಡುಗ ಪರರ ಊರಾಗ, ಪರರ ಆಟದಾಗ ಇದ್ರೂ ಲಿಂಗಾ ಬಿಟ್ಟು ಅರೆಗಳಿಗಿ ಇದ್ದವನಲ್ಲ. ಏಳಪ್ಪ ನಾಗೇಂದ್ರ. ಹೌದಿಲ್ಲೋ?"

ಕೊನೆಯ ಮಾತು ಅಭ್ಯಾಸಬಲದಿಂದ ಬಂದದ್ದು. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಆದರೆ ಅದು ಪ್ರಶ್ನೆಯಾಗಿತ್ತು. ಮಹಾದೇವಮ್ಮ ಕಣ್ಣು ಮುಚ್ಚಿಕೊಂಡಳು.

"ಅಲ್ಲರಿ ಅಯ್ಯಾರ," ಎಂದ ನಾಗೇಂದ್ರಪ್ಪ.

ಏಳು ಸಲ ಬಿಚ್ಚಿದ್ದನ್ನು, ಯಾಕೆ ಬಿಚ್ಚಿದನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಯಾರ ಕೈಗೆ ಕೊಟ್ಟಿದ್ದಿ ಎಂದು ಅಯ್ಯನವರು ಕೇಳಿದರು. ಅದನ್ನೂ ಹೇಳಿದ. ಅಂಗಳದಲ್ಲಿ ಗುಜುಗುಜು ಎದ್ದಿತು. ಕಿರಾಣಿ ಅಂಗಡಿಯ ಭೀಮಶಾ ಎದ್ದು ನಿಂತ.

"ಸಾಬನ ಕೈಯಾಗ ಲಿಂಗಾ ಕೊಟ್ಟು ಗುದ್ದಾಡಿ ಬಂದಾನ! ಇವನ್ನ ನೋಡಿ ಕಲೀರಿ ಅಂತ ನಮ್ಮ ಹುಡುಗ್ರಿಗೆ ದಿನಾ ಹೇಳ್ತಿದ್ವಲ್ಲೋ ಅಮೃತಪ್ಪ!"

ಅಮೃತಪ್ಪ ತಲೆಯೆತ್ತಲಿಲ್ಲ. ತನ್ನ ಬಗ್ಗೆ ಆಡಿದ್ದಕ್ಕೆ ನಾಗೇಂದ್ರಪ್ಪ ಎಂದೂ ತಿರುಗಿ ಆಡಿದವನಲ್ಲ. ಮಶಾಕನ ಬಗ್ಗೆ ಆಡಿದ್ದಕ್ಕೆ ಏನು ಹೇಳಬೇಕೆಂದು ಅವನಿಗೆ ತಿಳಿದಿರಲಿಲ್ಲ. ತಿಳಿದವಳು ಕಂಬದ ಆಚೆ ಇದ್ದಳು.

ಮಹಾದೇವಮ್ಮ ಎದ್ದು ನಿಂತಳು. ಮಠದಲ್ಲಿ ಹೆಂಗಸೊಬ್ಬಳು ನಿಂತು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ.

"ಅಯ್ಯಾರ, ಅವ ಮಡೀಲೆ ಹಿಡದಾನ್ರಿ. ಎದಿಗಿಂತ ಕೆಳಗ ಇಳಿಸಿಲ್ಲ. ಒಂದು ತಾಸು ಕೈ ಎತ್ತಿ ಹಿಡಿದು, ತನ್ನ ಪಾಳಿ ಬಂದಾಗ ಕೈ ಏಳಲಾರದ ಸೋತಾನ. ಯಾಕ ಸೋತೆ ಅಂತ ಯಾರಿಗೂ ಹೇಳಿಲ್ಲ. ನಮ್ಮ ಮನಿಯಾಗ ನಾವು ನಕ್ಕೀವಿ."

ನಾಗೇಂದ್ರಪ್ಪ ತಿರುಗಿ ತಾಯಿಯನ್ನು ನೋಡಿದ. ಗುದ್ದು ತಿಂದಾಗಲೂ ಅವನ ಮುಖ ಹಾಗಾಗಿರಲಾರದು. ಕೊಟ್ಟ ಮಾತು ತಪ್ಪಿದ್ದು ಮಹಾದೇವಮ್ಮನಿಗೆ ಆಗ ನೆನಪಾಯಿತು. ಕೂತಳು.

ಮಡಿವಾಳಯ್ಯನವರು ಮಡಿಲಿನ ಶಾಲನ್ನು ಮಡಚಿ ಪಕ್ಕಕ್ಕೆ ಇಟ್ಟರು.

"ಅಮೃತಪ್ಪ, ನಿನ್ನ ಮಗ ಖರೆ ಹೇಳ್ಯಾನ. ಖರೆ ಹೇಳಿದವನಿಗೆ ಶಾಲು ಹೊದಸೋ ರೀತಿ ಈ ಮಠದಾಗ ಇಲ್ಲ. ತಪ್ಪು ಮಾಡಿದವನಿಗೆ ಮತ್ತ ದೀಕ್ಷಾ ಕೊಡೋ ರೀತಿ ಅದ. ಗುರುವಾರ ನಿಮ್ಮ ಮನಿಗೆ ಬರ್ತೀನಿ." ಆಮೇಲೆ ಕೇಳಿದರು: "ಆ ಹುಡುಗನ ಕೈ ಈಗ ಹ್ಯಾಂಗದ?"

ಬಸವಂತರಾಯ ಟೊಪ್ಪಿಗೆ ಸರಿಪಡಿಸಿಕೊಂಡು ಎದ್ದ. ಅವನ ಹಿಂದೆ ನಾಲ್ವರೂ ಎದ್ದರು. ಎಲೆ ಅಡಿಕೆಯ ತಟ್ಟೆ ಇದ್ದಲ್ಲಿಯೇ ಇತ್ತು.

*

ಮನೆಯಲ್ಲಿ ಲಲಿತಾ ಹಸಿರು ಸೀರೆಯನ್ನು ಮಡಚಿ ಟ್ರಂಕಿನ ತಳಕ್ಕೆ ಇಟ್ಟು ಬಂದಳು. ಅಣ್ಣನ ಮುಂದೆ ನಿಂತಳು.

"ನೀ ಖರೆ ಹೇಳಿದ್ದು ತಪ್ಪಲ್ಲ ಅಣ್ಣಾ. ಒಂದು ಮಾತು ಕೇಳ್ತೀನಿ. ನಿನ್ನ ಖರೇಕ ನಾ ಯಾಕ ಬೆಲಿ ಕೊಡಬೇಕು? ನನ್ನ ಸಲುವಾಗಿ ಒಂದು ತಿಂಗಳು ತಡಿಯಾಕ ಆಗ್ತಿರಲಿಲ್ಲೇನು?"

ಮಹಾದೇವಮ್ಮ ಇಬ್ಬರ ಮುಖವನ್ನೂ ನೋಡಿದಳು; ಯಾರ ಕಡೆಗೆ ಮಾತಾಡಬೇಕೆಂದು ತಿಳಿಯದೆ ಒಲೆಗೆ ಕಟ್ಟಿಗೆ ತುಂಬಿದಳು. ಅಂದಿನಿಂದ ಲಲಿತಾ ಅಣ್ಣನ ಜೊತೆ ಮಾತು ಬಿಟ್ಟಳು. ರೊಟ್ಟಿ ಹಾಕುತ್ತಿದ್ದಳು, ಸಾರು ಬಡಿಸುತ್ತಿದ್ದಳು, ಇನ್ನೊಂದು ಬೇಕೇನು ಎಂದು ಕೇಳುತ್ತಿರಲಿಲ್ಲ.

ಗುರುವಾರ ಅಯ್ಯನವರು ಬಂದು ದೀಕ್ಷೆ ಕೊಟ್ಟರು. "ಇನ್ನ ಮ್ಯಾಲ ಬಿಚ್ಚಂಗಿಲ್ಲ ಅಂತ ಮಾತು ಕೊಡಬೇಕು," ಎಂದರು. ಬಿಚ್ಚದಿದ್ದರೆ ಆಟವಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಆಯ್ತರಿ," ಎಂದ ನಾಗೇಂದ್ರಪ್ಪ. ಒಂದು ಉಸಿರೂ ತಡೆಯಲಿಲ್ಲ. ಮಠದಲ್ಲಿ ತಾನು ಎದ್ದು ನಿಂತ ಗಳಿಗೆಯಲ್ಲೇ ಅವನ ಆಟ ಮುಗಿದಿತ್ತೆಂದು ಮಹಾದೇವಮ್ಮನಿಗೆ ಅನಿಸಿತು. ಮಶಾಕ ಹೇಳಿದ್ದೂ ಅದನ್ನೇ.

ಸಾಬಮ್ಮ ಹೊಸ ದಾರಕ್ಕೆ ತನ್ನ ಗಂಟು ಹಾಕಿ, ಮೂರು ಸಲ ಸವರಿ ನೋಡಿದಳು. ಮಧ್ಯಾಹ್ನ ರೊಟ್ಟಿ ತಿಂದಳು. ನಾಗೇಂದ್ರಪ್ಪನ ತಾಟು ಪಡಸಾಲೆಯಿಂದ ಒಳಗೆ ಬಂತು. ಗೂಟಕ್ಕೆ ನೇತುಹಾಕಿದ್ದ ಗ್ಲೌಸುಗಳು ಮರುದಿನ ಅಲ್ಲಿ ಇರಲಿಲ್ಲ.

*

ದಸರೆಯ ಹಿಂದಿನ ಭಾನುವಾರ ವಾಡಿಯಲ್ಲಿ ವರ್ಷದ ಆಟ. ನಾಗೇಂದ್ರಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಪೂಜೆ ಮುಗಿಸಿ, ಒಗೆದ ಧೋತರ ಉಟ್ಟ.

"ಎಲ್ಲಿಗೆ?" ಅಮೃತಪ್ಪ ಕೂಗಿದ. ಅವನ ಧ್ವನಿ ಮತ್ತೆ ಮೊದಲಿನಂತಾಗಿತ್ತು.

"ವಾಡಿಗೆ."

"ಅಯ್ಯಾರಿಗೆ ಮಾತು ಕೊಟ್ಟೀದಿ!"

"ಆಡಾಕ ಹೊಂಟಿಲ್ಲಪ್ಪ. ಮಶಾಕನ ತಾವೀಜ ಹಿಡಿಯಾಕ ಹೊಂಟೀನಿ."

ಅಮೃತಪ್ಪ ಏನೋ ಹೇಳಲು ಹೋದ. ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಸಾಬಮ್ಮ, "ಹೋಗ್ಲಿ ಬಿಡು. ಗಾಡಿ ಹೊತ್ತಾಗ್ತದ," ಎಂದಳು.

ದೀಪ ಹಚ್ಚುವ ಹೊತ್ತಿಗೆ ಅವನು ಮರಳಿದ. ಎಲ್ಲರೂ ಉಣ್ಣಲು ಕೂತಿದ್ದರು. ಕೈಕಾಲು ತೊಳೆದು ಬಂದು ತನ್ನ ಜಾಗದಲ್ಲಿ ಕೂತ. ಲಲಿತಾ ಎರಡು ರೊಟ್ಟಿ ಹಾಕಿದಳು, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ. ಅಮೃತಪ್ಪ ಬೆಳಗಿನ ಸಿಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ತಾಟು ನೋಡುತ್ತ ಉಣ್ಣುತ್ತಿದ್ದ.

ಸಾಬಮ್ಮ ಅಗಿಯುವುದನ್ನು ನಿಲ್ಲಿಸಿದಳು. ಕಟಕ ರೊಟ್ಟಿ ಮುರಿದರೆ ಸದ್ದಾಗುತ್ತದೆ.

"ನಾಗ್ಯಾ ಯಾಕ ಉಣವಲ್ಲ?"

ನಾಗೇಂದ್ರಪ್ಪನ ಬಲಗೈ ತೊಡೆಯ ಮೇಲಿತ್ತು. ಅವನು ಅದನ್ನು ತಾಟಿನ ತನಕ ತಂದ. ಬೆರಳುಗಳು ರೊಟ್ಟಿಯ ಮೇಲೆ ಬಿದ್ದವು, ಮಡಚಲಿಲ್ಲ. ಮತ್ತೊಮ್ಮೆ ನೋಡಿದ. ಆಮೇಲೆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದು ತೊಡೆಯ ಮೇಲೆ ಇಟ್ಟುಕೊಂಡ, ಬೇರೆ ಯಾರದೋ ಕೈ ಎನ್ನುವ ಹಾಗೆ.

ಮಹಾದೇವಮ್ಮ ಏಳಲು ಹೋದಳು. ಅಷ್ಟರಲ್ಲಿ ಲಲಿತಾ ರೊಟ್ಟಿಬುಟ್ಟಿ ಕೆಳಗಿಟ್ಟು, ಅಣ್ಣನ ತಾಟಿನ ಮುಂದೆ ಮಂಡಿಯೂರಿ ಕೂತಳು. ರೊಟ್ಟಿಯನ್ನು ಮುರಿದಳು, ಸಣ್ಣ ಸಣ್ಣ ಚೂರು ಮಾಡಿದಳು, ಪಲ್ಯದಲ್ಲಿ ಕಲಸಿದಳು.

"ಎಷ್ಟೊತ್ತು ಹಿಡಿದಿದ್ದಿ?" ಎಂದಳು. ಆರು ವಾರದ ಮೇಲಿನ ಮೊದಲ ಮಾತು.

"ಎರಡು ಆಟ. ನಡುವ ಇಳಿಸಲಿಲ್ಲ."

"ಅವರದನ್ನ ಇಳಿಸಬಾರದಂತ ಅದನೇನು?"

"ಇಲ್ಲ."

ಲಲಿತಾ ತುತ್ತನ್ನು ಎತ್ತಿ ಹಿಡಿದಳು. ಅವನು ಬಾಯಿ ತೆರೆಯಲು ಸ್ವಲ್ಪ ತಡ ಮಾಡಿದ. ಆಮೇಲೆ ತೆರೆದ.

"ಗೆದ್ದನೇನು, ಆ ಹುಡುಗ?" ಸಾಬಮ್ಮ ಕೇಳಿದಳು.

ತುತ್ತು ಬಾಯಲ್ಲಿದ್ದುದರಿಂದ ನಾಗೇಂದ್ರಪ್ಪ ತಲೆಯಾಡಿಸಿದ. ಮುದುಕಿಯ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ಅವಳು ಕಿವಿಯನ್ನು ಈ ಕಡೆ ಇಟ್ಟುಕೊಂಡು ಕಾದಿದ್ದಳು.

"ಗೆದ್ದಾನಂತ ಆಯಿ," ಎಂದಳು ಲಲಿತಾ, ಮುಂದಿನ ತುತ್ತು ಕಲಸುತ್ತ.